ಚಗ್‌ವಾಟರ್ ಗಾಳಿ, ಕುರಿಮರಿ ಮತ್ತು ಒಂದು ಹೊಸ ರೈಫಲ್

ಡೆನ್ವರ್‌ನಿಂದ ಐ-25 ಹೈವೇ ಹಿಡಿದು ಉತ್ತರಕ್ಕೆ ಹೊರಟರೆ ಶಾಯೆನ್ ದಾಟುವವರೆಗೆ ಅಂಥ ವಿಶೇಷವೇನೂ ಕಾಣಲ್ಲ. ಆಮೇಲೆ ಮರಗಳು ಮಾಯ. ಹುಲ್ಲು, ಮುಳ್ಳುತಂತಿ, ಆಕಾಶ, ಅಷ್ಟೇ. ರಸ್ತೆ ಪಕ್ಕ ಅಲ್ಲಲ್ಲಿ ಎತ್ತರದ ಹಲಗೆ ಬೇಲಿಗಳು ನಿಂತಿರ್ತವೆ. ದನ ತಡೆಯೋಕಲ್ಲ, ಗಾಳಿ ಹೊತ್ತು ತರುವ ಹಿಮ ತಡೆಯೋಕೆ. ಗಾಳಿ ಜೋರಾದ ದಿನ ಖಾಲಿ ಟ್ರಕ್ಕುಗಳನ್ನು ಈ ರಸ್ತೆಗೇ ಬಿಡಲ್ಲ, ಪಲ್ಟಿ ಹೊಡೀತವೆ ಅಂತ. ವಯೋಮಿಂಗ್‌ನಲ್ಲಿ ಬಂದೂಕು ಆರಿಸುವ ಮಾತು ಬಂದರೆ ಮೊದಲು ಈ ಗಾಳಿಯನ್ನೇ ಲೆಕ್ಕಕ್ಕೆ ತಗೋಬೇಕು.

ಚಗ್‌ವಾಟರ್ ಇನ್ನೂರರ ಆಸುಪಾಸು ಜನ ಇರುವ ಊರು. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್ ಬ್ಲಾಕ್‌ನಲ್ಲೇ ಇದಕ್ಕಿಂತ ಹೆಚ್ಚು ಜನ ಸಿಗ್ತಾರೆ. ಅದರಾಚೆ ನನ್ನ ಸಹೋದ್ಯೋಗಿಯ ಅಪ್ಪನ ಕುರಿ ರಾಂಚ್ ಇದೆ. ಏಪ್ರಿಲ್ ಕೊನೆಗೆ, ಕುರಿ ಮರಿ ಹಾಕುವ ಕಾಲದಲ್ಲಿ, ಒಂದು ವೀಕೆಂಡ್ ನಾನೂ ಅವನ ಜೊತೆ ಹೋಗಿದ್ದೆ. ಅಪ್ಪನ ಹಳೆ ರೈಫಲ್ಲಿನ ನಳಿಗೆ ಸವೆದು ಹೋಗಿತ್ತು, ಹೊಸದು ಕೊಳ್ಳಬೇಕಿತ್ತು. ಯಾವುದು ಅನ್ನೋದರಲ್ಲಿ ಅಪ್ಪನಿಗೂ ಮಗನಿಗೂ ಒಮ್ಮತ ಇರಲಿಲ್ಲ.

ಗುರಿ ಕಯೋಟಿ. ಇಲ್ಲಿನ ರಾಂಚಿನವರ ಬಾಯಲ್ಲಿ 'ಕಾಯೋಟ್'. ನಮ್ಮ ಗುಳ್ಳೆನರಿಯ ದೂರದ ದಾಯಾದಿ ಅಂದುಕೊಳ್ಳಿ. ಹತ್ತರಿಂದ ಇಪ್ಪತ್ತು ಕಿಲೋ ತೂಕ, ಅದರಲ್ಲೂ ಉಣ್ಣೆಯಂಥ ಕೂದಲೇ ಕಣ್ಣಿಗೆ ದೊಡ್ಡದಾಗಿ ಕಾಣೋದು. ಗುಂಡು ತಾಗಿದರೆ ತಕ್ಷಣ ಸಾಯುವ ಜಾಗ ಹೆಚ್ಚೂಕಡಿಮೆ ಅಂಗೈ ಅಗಲ. ಅದರ ಆಚೆ ಬಿದ್ದರೆ ಪ್ರಾಣಿ ಗಾಯಗೊಂಡು ಓಡಿ, ಎಲ್ಲೋ ಹಳ್ಳದಲ್ಲಿ ನರಳಿ ಸಾಯುತ್ತೆ. "ಹಾಗಾಗೋದಾದ್ರೆ ಟ್ರಿಗರ್ ಮುಟ್ಟಲೇಬೇಡ" ಅನ್ನೋದು ಆ ಹಿರಿಯರು ಮಗನಿಗೆ ಚಿಕ್ಕಂದಿನಿಂದ ಹೇಳಿಕೊಟ್ಟ ಪಾಠವಂತೆ.

ಮಗನ ಆಯ್ಕೆ .223 ರೆಮಿಂಗ್ಟನ್. ಸೈನ್ಯದ 5.56 ತೋಟಾದ ಒಡಹುಟ್ಟು, ಹಾಗಾಗಿ ಎಲ್ಲಾ ಅಂಗಡೀಲೂ ಸಿಗುತ್ತೆ, ಅಗ್ಗ. (ಒಡಹುಟ್ಟು ಅಂದರೆ ಒಂದೇ ಅಲ್ಲ. 5.56ರ ಒತ್ತಡ ಜಾಸ್ತಿ, .223 ಅಂತ ಮಾತ್ರ ಮುದ್ರೆ ಇರುವ ರೈಫಲ್ಲಿಗೆ ಅದನ್ನು ತುಂಬಬಾರದು.) ಸಾಮಾನ್ಯವಾಗಿ 55 ಗ್ರೇನ್ ಗುಂಡು, ಅಂದ್ರೆ ಬರೀ ಮೂರೂವರೆ ಗ್ರಾಂ, ಸೆಕೆಂಡಿಗೆ ಸುಮಾರು 3,200 ಅಡಿ ವೇಗ. ಭುಜಕ್ಕೆ ಒದೆತವೇ ಇಲ್ಲ ಅನ್ನಬಹುದು. ಗುಂಡು ಎಲ್ಲಿ ಬಿತ್ತು ಅಂತ ಸ್ಕೋಪಿನಲ್ಲೇ ಕಾಣುತ್ತೆ.

ಅಪ್ಪನ ಹಳೆಯದು .22-250. ಗುಂಡಿನ ಅಗಲ .223ರದ್ದೇ, ಹಿಂದೆ ತುಂಬುವ ಮದ್ದು ಮಾತ್ರ ಜಾಸ್ತಿ. ಅದೇ 55 ಗ್ರೇನ್ ಗುಂಡು ಸುಮಾರು 3,700 ಅಡಿ ವೇಗದಲ್ಲಿ ಹೋಗುತ್ತೆ. ದಶಕಗಟ್ಟಲೆ ಬೇಟೆಗಾರರು ಮನೆಯಲ್ಲೇ ತಯಾರಿಸಿಕೊಳ್ಳುತ್ತಿದ್ದ ಈ ತೋಟಾವನ್ನು ರೆಮಿಂಗ್ಟನ್ ಕಂಪನಿ 1965ರಲ್ಲಿ ತನ್ನ ಹೆಸರಲ್ಲಿ ಮಾರುಕಟ್ಟೆಗೆ ತಂತು. ಕಯೋಟಿ ಬೇಟೆಯವರ ಅಚ್ಚುಮೆಚ್ಚು. ಬೆಲೆ ತೆರೋದು ನಳಿಗೆ: ಬಿಸಿ ಜಾಸ್ತಿ, ಬೇಗ ಸವೆಯುತ್ತೆ.

ಈ ಸಲ ಅಪ್ಪ ಕೇಳ್ತಿದ್ದದ್ದು .243 ವಿಂಚೆಸ್ಟರ್. 1955ರ ತೋಟಾ. ಜಿಂಕೆಗೂ ಸಾಲುವಷ್ಟು ಶಕ್ತಿ. "ಹತ್ತು ಕೆಜಿ ಪ್ರಾಣಿಗೆ ಇಷ್ಟು ಯಾಕೆ?" ಅಂತ ಮಗ. ನನಗೂ ಹಾಗೇ ಅನಿಸ್ತು. ಪಂಪ್‌ಸೆಟ್ ಸಾಕಾಗೋ ಕಡೆ ಫೈರ್ ಎಂಜಿನ್ ತಂದ ಹಾಗೆ.

ಅಪ್ಪ ವಾದ ಮಾಡಲಿಲ್ಲ, ನಮ್ಮನ್ನು ಹುಲ್ಲುಗಾವಲಿನ ಏರಿಗೆ ಕರ್ಕೊಂಡು ಹೋದ್ರು. ಕೆಳಗೆ ಕುರಿಗಳು, ಅವುಗಳ ಮಧ್ಯೆ ಎರಡು ಬಿಳಿ ಗ್ರೇಟ್ ಪಿರನೀಸ್ ಕಾವಲು ನಾಯಿಗಳು. ಆಚೆ ತಂತಿಬೇಲಿಗೆ 300 ಗಜ. ಗಾಳಿ ಅಡ್ಡಲಾಗಿ ಬೀಸ್ತಿತ್ತು. ಗಂಟೆಗೆ ಹತ್ತು ಮೈಲಿ ಗಾಳಿ ಅಂದರೆ ಇಲ್ಲಿ ಶಾಂತವಾದ ದಿನ. ಆ ಗಾಳಿಗೇ .223ರ ಗುಂಡು 300 ಗಜದಲ್ಲಿ ಹೆಚ್ಚೂಕಡಿಮೆ ಒಂದು ಅಡಿ ಪಕ್ಕಕ್ಕೆ ಸರಿಯುತ್ತೆ. .243ರ 87 ಗ್ರೇನ್ ಗುಂಡು ಉದ್ದ, ಭಾರ. ಅದು ಸರಿಯೋದು ಇದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಗುರಿ ಅಂಗೈ ಅಗಲ ಅನ್ನೋದನ್ನು ಮತ್ತೆ ನೆನಪಿಸಿಕೊಳ್ಳಿ. ಗಾಳಿಯ ಅಂದಾಜು ಒಂದಿಷ್ಟು ತಪ್ಪಿದರೂ ಪೆಟ್ಟು ಎಲ್ಲಿ ಬೀಳುತ್ತೆ ಅನ್ನೋದು ಆ ವ್ಯತ್ಯಾಸದಲ್ಲೇ ಇದೆ.

ಹಾಗಾದ್ರೆ ಎಲ್ಲರೂ .243 ಯಾಕೆ ಕೊಳ್ಳಲ್ಲ? ಯಾಕಂದ್ರೆ ಹವ್ಯಾಸಿ ಬೇಟೆಗಾರನ ಲೆಕ್ಕ ಬೇರೆ. ಅವನು ಪೊದೆ ಮರೆಯಲ್ಲಿ ಕೂತು, ಮೊಲ ಚೀರುವ ಸದ್ದು ಹೊರಡಿಸಿ, ಕಯೋಟಿಯನ್ನು ನೂರು ಗಜದ ಒಳಗೆ ಕರೆಸಿಕೊಳ್ತಾನೆ. ಬರದಿದ್ದರೆ ಬಿಡ್ತಾನೆ. ಚಳಿಗಾಲದಲ್ಲಿ ತೊಗಲು ಮಾರುವವನಾದರೆ ದೊಡ್ಡ ತೂತು ಮಾಡುವ .243 ಅವನಿಗೆ ನಷ್ಟ. ಅಂಥವರಿಗೆ .223 ಧಾರಾಳ ಸಾಕು. ಯಾರಾದ್ರೂ ಹೊಸಬರು ನನ್ನನ್ನ ಕೇಳಿದ್ರೆ ನಾನೂ ಅದನ್ನೇ ಹೇಳ್ತೀನಿ. ಅಗ್ಗದ ತೋಟಾ ಅಂದರೆ ಜಾಸ್ತಿ ಅಭ್ಯಾಸ. ಕುರಿಯವನಿಗೆ ಮಾತ್ರ ದೂರ ಆರಿಸಿಕೊಳ್ಳುವ ಸ್ವಾತಂತ್ರ್ಯ ಇಲ್ಲ. ಅದನ್ನು ಕಯೋಟಿಯೇ ಆರಿಸುತ್ತೆ.

ಇನ್ನೊಂದು ಲೆಕ್ಕ ಹಿನ್ನೆಲೆಯದು. ತಪ್ಪಿದ ಗುಂಡು ಎಲ್ಲಿಗೆ ಹೋಗುತ್ತೆ? ಹಗುರವಾದ, ವೇಗದ ಗುಂಡು ನೆಲಕ್ಕೆ ಬಡಿದರೆ ಬಹುಮಟ್ಟಿಗೆ ಪುಡಿಯಾಗುತ್ತೆ, ಭಾರದ್ದು ಪುಟಿದು ಮುಂದೆ ಹೋಗುವ ಭಯ ಹೆಚ್ಚು. ಈ ರಾಂಚಿನಲ್ಲಿ ಬೇಲಿಯ ಹಿಂದೆ ಮಣ್ಣಿನ ದಿಬ್ಬ ಇದೆ. ಪಕ್ಕದ ಮನೆಯ ದೀಪ ಕಾಣುವ ಜಾಗವಾಗಿದ್ದರೆ ಅಪ್ಪನ ಆಯ್ಕೆಯೂ ಬದಲಾಗ್ತಿತ್ತಂತೆ.

ಕೊಂದರೆ ಪ್ರಯೋಜನ ಉಂಟಾ ಅಂತಲೂ ಕೇಳಿದೆ. ನೂರು ವರ್ಷಕ್ಕೂ ಹೆಚ್ಚು ಕಾಲ ವಿಷ, ಬಲೆ, ಬಂದೂಕು ಎಲ್ಲಾ ಆದಮೇಲೂ ಕಯೋಟಿ ಇವತ್ತು ಹವಾಯಿ ಬಿಟ್ಟು ಅಮೆರಿಕದ ಎಲ್ಲಾ ರಾಜ್ಯಗಳಲ್ಲೂ ಇದೆ. ಕೊಂದಷ್ಟೂ ಉಳಿದವು ಹೆಚ್ಚು ಮರಿ ಹಾಕುತ್ತವೆ ಅನ್ನುವ ತಜ್ಞರಿದ್ದಾರೆ. ಅವರು ನಕ್ಕು, "ನನಗೆ ಎಲ್ಲಾ ಕಯೋಟಿ ಬೇಡ, ಮರಿಯ ರುಚಿ ಹತ್ತಿದ ಆ ಒಂದು ಸಾಕು" ಅಂದ್ರು. ನಮ್ಮ ಕೊಪ್ಪಳದ ಕಡೆ ಕುರಿಗಾಹಿಗಳು ತೋಳದ ಬಗ್ಗೆಯೂ ಹೀಗೇ ಮಾತಾಡೋದು ಕೇಳಿದ್ದೀನಿ. ಅಲ್ಲಿ ಕೈಯಲ್ಲಿರೋದು ಕೋಲು ಮತ್ತು ನಾಯಿ ಮಾತ್ರ. ತೋಳ ಕೊಲ್ಲೋದು ಕಾನೂನು ಪ್ರಕಾರ ಅಪರಾಧ.

ಕಾನೂನು ಅಂದಾಗ ಇಲ್ಲಿರುವ ಕನ್ನಡಿಗರಿಗೊಂದು ಮಾತು. ಎಚ್-1ಬಿಯಂಥ ವೀಸಾದಲ್ಲಿರುವವರು ಸಾಮಾನ್ಯವಾಗಿ ಬಂದೂಕಾಗಲೀ ತೋಟಾ ಆಗಲೀ ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ನಿಷೇಧಿಸುತ್ತೆ. ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ. ತಮಾಷೆ ನೋಡಿ, ವಯೋಮಿಂಗ್‌ನಲ್ಲಿ ಕಯೋಟಿ ಹೊಡೆಯೋಕೆ ಲೈಸೆನ್ಸೇ ಬೇಡ, ಹಾಗಾಗಿ ಆ ಕಾಗದ ನಿಮ್ಮ ಹತ್ರ ಇರೋದೇ ಇಲ್ಲ! ಗೆಳೆಯ "ಸುಮ್ನೆ ಹಿಡ್ಕೋ, ಫೋಟೋ ತೆಗೀತೀನಿ" ಅಂದರೂ ವಕೀಲರನ್ನು ಕೇಳದೆ ಕೈ ಹಾಕಬೇಡಿ. ವೀಸಾ, ಗ್ರೀನ್ ಕಾರ್ಡ್ ಎರಡಕ್ಕೂ ಕುತ್ತು. ನಾನು ಎರಡು ದಿನವೂ ಬೈನಾಕ್ಯುಲರ್ ಬಿಟ್ಟು ಬೇರೇನೂ ಮುಟ್ಟಲಿಲ್ಲ.

ಭಾನುವಾರ ಶಾಯೆನ್‌ನ ಅಂಗಡಿಯಲ್ಲಿ ಅಪ್ಪ ಫಾರಂ ತುಂಬಿದ್ರು, ಹಿನ್ನೆಲೆ ತಪಾಸಣೆ ಮುಗೀತು, .243 ಬೋಲ್ಟ್ ಆಕ್ಷನ್ ರೈಫಲ್ ಪಿಕಪ್ ಹತ್ತಿತು. ಮಗ ದುಡ್ಡು ಕೊಟ್ಟ. ಜೊತೆಗೆ ಎರಡು ಬಾಕ್ಸ್ ತೋಟಾ. ಅದರಲ್ಲಿ ಮೊದಲ ಬಾಕ್ಸ್ ಪೂರ್ತಿ ಕಾಗದದ ಗುರಿಗೇ, 200 ಗಜಕ್ಕೆ ಸ್ಕೋಪ್ ಹೊಂದಿಸೋಕೆ.