ಫುಕಟ್ ಆಟದ ಬೆನ್ನು ಹತ್ತಿ

ಈ ಸಲ ಸಂಕ್ರಮಣಕ್ಕೆ ಔರಾದ ತಾಲ್ಲೂಕಿನ ನಮ್ಮ ಹೊಲಕ್ಕೆ ಹೋಗಿದ್ದೆವು, ಸೀತನಿ ಸುಡುವ ನೆಪದಲ್ಲಿ. ಕುಳ್ಳಿನ ಕೆಂಡದಲ್ಲಿ ಹಾಲುಗಾಳಿನ ಜೋಳದ ತೆನೆ ಹೂತು, ಹೊರಳಿಸಿ, ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಶೇಂಗಾ ಹಿಂಡಿಯ ಜೊತೆ ಬಾಯಿಗೆ ಎಸೆದುಕೊಳ್ಳಬೇಕು. ಅಂಗೈ ಸುಡುತ್ತದೆ, ಯಾರೂ ಬಿಡುವುದಿಲ್ಲ. ನಮ್ಮದು ಬರೀ ಬಿಸಿಲ ನಾಡು ಎಂದುಕೊಂಡವರು ಜನವರಿಯಲ್ಲಿ ಒಂದು ರಾತ್ರಿ ಇಲ್ಲಿ ಬಂದು ಮಲಗಬೇಕು. ಬೆಂಕಿಯ ಸುತ್ತ ಕುಳಿತ ನಮಗೆಲ್ಲ ಮುಖಕ್ಕೆ ಕಾವು, ಬೆನ್ನಿಗೆ ಥಂಡಿ.

ಅಣ್ಣನ ಮಗನೊಬ್ಬ ಮಾತ್ರ ತೆನೆಗೆ ಕೈ ಹಾಕದೆ ಮೊಬೈಲಿಗೆ ಬಯ್ಯುತ್ತ ಕುಳಿತಿದ್ದ.

"ನೋಡ್ ಕಾಕಾ, ಫ್ರೀ ಅಂತ ಬರ್ದಾರ. ಈಗ ತಲವಾರ ಬೇಕಂದ್ರ ನಾಕುನೂರು ರೂಪಾಯಿ ಹಾಕು ಅನ್ಲತ್ತದ."

"ಫುಕಟ್ ಆಟ ಹುಡಿಕ್ಯಾಡೋದು ನನ್ನ ಕೇಳಪ್ಪ," ಅಂದೆ. ಆಯಿ, ನಮ್ಮಜ್ಜಿ, ಕೌದಿಯೊಳಗಿಂದಲೇ ನಕ್ಕಳು. ಅವಳಿಗೆ ಎಲ್ಲಾ ನೆನಪಿದೆ.

2007ರ ಬೇಸಿಗೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದಿತ್ತು. ಬೀದರದಲ್ಲಿ ಬಸ್ ಸ್ಟ್ಯಾಂಡ್ ಕಡೆ ಒಂದು ಸೈಬರ್ ಕೆಫೆ, ತಾಸಿಗೆ ಹದಿನೈದು ರೂಪಾಯಿ. ಬಾಗಿಲಲ್ಲೇ ರಿಜಿಸ್ಟರ್, ಅದರಲ್ಲಿ ಹೆಸರು, ವಿಳಾಸ, ಸಹಿ. ಒಳಗೆ ಪ್ಲೈವುಡ್ಡಿನ ಗೂಡುಗಳು, ಪ್ರತಿ ಗೂಡಿನ ಕೀಬೋರ್ಡಿನಲ್ಲೂ ಒಂದೊಂದು ಅಕ್ಷರ ಗಾಯಬ್. ನಾನೂ ನನ್ನ ಗೆಳೆಯನೂ ಒಂದೇ ಕುರ್ಚಿಯಲ್ಲಿ ಅರ್ಧರ್ಧ ಕೂಡುತ್ತಿದ್ದೆವು. ಅವನು ಚೌಬಾರಾ ಆಚೆಯ ಓಣಿಯವನು, ಬಿದರಿ ಕೆಲಸದ ಮನೆತನ.

ನಮ್ಮ ತಲೆ ಕೆಡಿಸಿದ್ದು ಒಂದು ಕಂಪ್ಯೂಟರ್ ಪತ್ರಿಕೆಯಲ್ಲಿ ಓದಿದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್. 2004ರಲ್ಲಿ ಬಂದ ಆಟ. ಒಂದಿಡೀ ಲೋಕ, ಅದರೊಳಗೆ ಸಾವಿರಾರು ಜನ ಏಕಕಾಲಕ್ಕೆ. ಒಬ್ಬ ಮಂತ್ರವಾದಿ, ಒಬ್ಬ ಬೇಟೆಗಾರ, ನೀನು ಏನು ಬೇಕೋ ಅದಾಗು. ನಮ್ಮೂರ ದೊಡ್ಡಾಟದಲ್ಲಿ ವೇಷ ಕಟ್ಟುವವರು ಹತ್ತು ಮಂದಿ, ಉಳಿದವರು ಕೆಳಗೆ ಕುಳಿತು ನೋಡಬೇಕು. ಇಲ್ಲಿ ನೋಡುವವರೇ ಇಲ್ಲ, ಎಲ್ಲರಿಗೂ ವೇಷ! ಆದರೆ ತಿಂಗಳಿಗೆ ಸುಮಾರು 15 ಡಾಲರ್ ಬಾಡಿಗೆ. ಆಗಿನ ಲೆಕ್ಕದಲ್ಲಿ 600 ರೂಪಾಯಿ, ಅದೂ ಕ್ರೆಡಿಟ್ ಕಾರ್ಡಿನಲ್ಲಿ. ನಮ್ಮ ಮನೆಯಲ್ಲಿದ್ದ ಕಾರ್ಡು ಒಂದೇ, ರೇಷನ್ನಿನದು.

ಹಾಗಾಗಿ ಗೂಗಲ್‌ಗೆ ಕೇಳಿದೆವು: ಬಿಟ್ಟಿಯಾಗಿ ಆಡುವ ಅಂಥ ಆಟ ಯಾವುದದ? ಸಿಕ್ಕಿದವು, ರಾಶಿಗಟ್ಟಲೆ. ಹೆಚ್ಚಿನವು ಕೊರಿಯಾದವು. ಅಲ್ಲಿಯವರು ಆ ಹೊತ್ತಿಗೆ ಹೊಸ ವ್ಯಾಪಾರ ಕಂಡುಕೊಂಡಿದ್ದರು. ನೆಕ್ಸಾನ್ ಕಂಪನಿ 2003ರಲ್ಲಿ ತಂದ ಮೇಪಲ್‌ಸ್ಟೋರಿಯಂಥವುಗಳಲ್ಲಿ ಒಳಗೆ ಬರಲು ದುಡ್ಡಿಲ್ಲ, ಬಂದ ಮೇಲೆ ಅಂಗಿ ಟೊಪ್ಪಿಗೆಗೆ ದುಡ್ಡು. ಜಾತ್ರೆಗೆ ಟಿಕೀಟಿಲ್ಲ, ತೊಟ್ಟಿಲಿಗೆ ಉಂಟಲ್ಲ, ಹಾಗೆ. ಆ ವ್ಯಾಪಾರವೇ ಹದಿನೆಂಟು ವರ್ಷದ ಮೇಲೆ ಈ ಹುಡುಗನಿಗೆ ತಲವಾರಕ್ಕೆ ನಾಕುನೂರು ಕೇಳುತ್ತಿರುವುದು.

ಆದರೆ ನಮ್ಮ ತೊಡಕು ದುಡ್ಡಿನದಲ್ಲ, ತೂಕದ್ದು. ಒಂದೊಂದು ಆಟವೂ ಒಂದು ಜಿಬಿ, ಒಂದೂವರೆ ಜಿಬಿ. ಕೆಫೆಯಲ್ಲಿ ಇಳಿಸಲು ಹೊರಟರೆ ವಾರವೆಲ್ಲ ಕೂಡಬೇಕು. ಆಗ ನೆನಪಾದದ್ದು ಭಾಲ್ಕಿಯ ಸೋದರಮಾವ.

ಮಾಮಾನ ಮನೆಯಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಬಂದಿತ್ತು. 500 ರೂಪಾಯಿಯ ಪ್ಲ್ಯಾನು, ಸಿಗುತ್ತಿದ್ದ ವೇಗ 256 ಕೆಬಿಪಿಎಸ್. ಹಗಲಿಗೆ ಮಿತಿ, ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಎಷ್ಟು ಬೇಕಾದರೂ ಇಳಿಸಿಕೊಳ್ಳಿ. ನನ್ನ ಲೆಕ್ಕ ಪಕ್ಕಾ ಇತ್ತು: ಸೆಕೆಂಡಿಗೆ 32 ಕೆಬಿ, ಆರು ತಾಸಿಗೆ 690 ಎಂಬಿ. ಆಟ ಒಂದೂಕಾಲು ಜಿಬಿ. ಅಂದರೆ ಎರಡು ರಾತ್ರಿ. ಲೋಕಲ್ ಟ್ರೇನು ಹತ್ತಿ ಭಾಲ್ಕಿಯಲ್ಲಿ ಇಳಿದೆ. ಅತ್ತಿ ಮಾವಿನ ಶೀಕರಣಿ ಮಾಡಿದ್ದಳು, ಉಂಡೆ. ಗಡಿಯಾರಕ್ಕೆ ಒಂದೂಮುಕ್ಕಾಲಿನ ಅಲಾರಾಂ ಇಟ್ಟು ಕಂಪ್ಯೂಟರ್ ಟೇಬಲ್ಲಿನ ಕೆಳಗೇ ಚಾಪೆ ಹಾಸಿದೆ.

ಲೆಕ್ಕದಲ್ಲಿ ಕರೆಂಟು ಸೇರಿಸುವುದು ಮರೆತಿದ್ದೆ. ಮೇ ತಿಂಗಳು. ಮೂರಕ್ಕೆ ಹೋಗುವುದು, ನಾಲ್ಕೂವರೆಗೆ ಬರುವುದು. ಮೊಡೆಮ್ಮಿನ ಹಸಿರು ದೀಪ ಆರಿದ ಕೂಡಲೇ ಫ್ಯಾನೂ ನಿಂತು ಮನೆಯವರೆಲ್ಲ ಎದ್ದು ಕೂಡುವರು. ಅವರು ಸೆಕೆಗೆ ಬಯ್ಯುವರು, ನಾನು ಕತ್ತಲಲ್ಲಿ ಶೇಕಡಾ 41ಕ್ಕೆ ನಿಂತುಹೋದ ಪಟ್ಟಿಯನ್ನು ನೆನೆಯುವೆ. ಎರಡು ರಾತ್ರಿಯದು ಆರು ರಾತ್ರಿಯಾಯಿತು. ಅತ್ತಿ ನನ್ನ ಕೆಂಪು ಕಣ್ಣು ನೋಡಿ "ಹುಡುಗ ರಾತ್ರಿ ಏನ್ ಮಾಡ್ಲತ್ತಾನ?" ಎಂದು ಮಾಮಾನನ್ನು ಬೇರೆ ದನಿಯಲ್ಲಿ ಕೇಳತೊಡಗಿದ್ದಳು.

ಏಳನೇ ಬೆಳಗ್ಗೆ ಆಟ ತೆರೆಯಿತು. ಸರ್ವರ್ ತುಂಬಿದೆ, ಆಮೇಲೆ ಬನ್ನಿ ಎಂದಿತು. ಮೂರು ದಿನ ಅದನ್ನೇ ಹೇಳಿತು. ನಾಲ್ಕನೇ ದಿನ ಒಳಗೆ ಬಿಟ್ಟಿತು. ಗ್ರಾಫಿಕ್ಸ್ ಕಾರ್ಡಿಲ್ಲದ ಆ ಕಂಪ್ಯೂಟರಿನಲ್ಲಿ ನನ್ನ ವೀರ ಒಂದು ಹೆಜ್ಜೆ ಎತ್ತಿಟ್ಟು ಮುಂದಿನದಕ್ಕೆ ಅರ್ಧ ನಿಮಿಷ ಯೋಚಿಸಿದ. ಆ ಆಟದ ಹೆಸರು ಬೇಡ ಬಿಡಿ. ಬೀದರಕ್ಕೆ ವಾಪಸಾದೆ.

ಆಟ ಸಿಕ್ಕಿದ್ದು ಹುಡುಕುವುದನ್ನು ಬಿಟ್ಟ ಮೇಲೆ. ಪಕ್ಕದ ಗೂಡಿನಲ್ಲಿ ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ಯಾವುದೋ ಮಣ್ಣುಬಣ್ಣದ ಚಿತ್ರದಲ್ಲಿ ಗಿಡ ಕಡಿಯುತ್ತಿದ್ದ. ಇಳಿಸುವ ಗೊಡವೆಯಿಲ್ಲ, ಜಾವಾ ಇದ್ದರೆ ಬ್ರೌಸರಿನಲ್ಲೇ ನಡೆಯುತ್ತದೆ ಅಂದ. ರೂನ್‌ಸ್ಕೇಪ್. ಆಂಡ್ರ್ಯೂ ಗವರ್ ಎಂಬ ಕೇಂಬ್ರಿಡ್ಜಿನ ಹುಡುಗ ಅಣ್ಣತಮ್ಮಂದಿರ ಜೊತೆ ಕೂಡಿ 2001ರಲ್ಲಿ ಬಿಟ್ಟ ಆಟ. ನೋಡಲು ಚೆನ್ನಾಗಿಲ್ಲ, ಮನುಷ್ಯರು ಕಟ್ಟಿಗೆ ಗೊಂಬೆಗಳ ಹಾಗೆ. ಆಗ ತಿಂಗಳಿಗೆ ಐದಾರು ಡಾಲರ್ ಕೊಟ್ಟವರಿಗೆ ದೊಡ್ಡ ನಾಡು, ಕೊಡದವರಿಗೆ ಅದರಲ್ಲೊಂದು ಹೋಬಳಿ. ಫಾಲಡಾರ್ ಎಂಬ ಊರಿನ ಪಡುವಣಕ್ಕೆ ಒಂದು ಗೇಟು, ಆಚೆ ಕಾಣುತ್ತದೆ, ದಾಟುವ ಹಾಗಿಲ್ಲ. ಗಡಿಯಲ್ಲಿ ಹುಟ್ಟಿದ ನಮಗೆ ಅದೇನೂ ಹೊಸದಲ್ಲ.

ಅದರಲ್ಲಿ ಮಾಡುವುದೇನು? ಇದನ್ನೇ ಔರಾದಿನಲ್ಲಿ ಆಯಿ ಕೇಳಿದ್ದು.

ಜೂನ್ ಹತ್ತಿರ ಬಂದಿತ್ತು. ಮಿರಗದ ಮಳೆಗೆ ಮುಂಚೆ ಹೊಲದ ಕೂಳೆ ಆರಿಸಲಿಕ್ಕೆ ಬಾ ಎಂದು ಮುತ್ಯಾ ಕರೆಸಿಕೊಂಡಿದ್ದ. ಬೀದರದಿಂದ ಜನವಾಡ, ಕೌಠಾದ ಹತ್ತಿರ ಮಾಂಜ್ರಾ ದಾಟಿ ಔರಾದ. ಭಾಲ್ಕಿಯ ಹಾಗೆ ಟ್ರೇನಿಲ್ಲ, ಬಸ್ಸೇ ಗತಿ. ಎರಡು ದಿನ ಕೂಳೆ ಆರಿಸಿದೆ. ಮೂರನೇ ದಿನ ಬೆನ್ನುನೋವಿನ ನೆಪ ಹೇಳಿ ತಾಲ್ಲೂಕು ಕಚೇರಿಯ ಕಡೆ ಇದ್ದ ಝರಾಕ್ಸ್ ಅಂಗಡಿಗೆ ಓಡಿದೆ. ಅಲ್ಲಿ ಡಯಲ್‌ಅಪ್ ನೆಟ್ ಇತ್ತು. ಕಿರಿಕಿರಿ ಕೂಗಿ ಮೊಡೆಮ್ ಹತ್ತಿತು, ಆಶ್ಚರ್ಯವೆಂದರೆ ರೂನ್‌ಸ್ಕೇಪ್ ಅದರಲ್ಲೂ ನಡೆಯಿತು.

ಪಹಣಿಯ ಝರಾಕ್ಸ್ ಮಾಡಿಸಲು ಆಯಿ ಅದೇ ಅಂಗಡಿಗೆ ಬರುತ್ತಾಳೆಂದು ಯಾರು ಕಂಡಿದ್ದರು? ನಾನು ಆ ಹೊತ್ತಿನಲ್ಲಿ ಲಂಬ್ರಿಜ್ ಊರಿನ ಬೇಲಿಯೊಳಗೆ ಆಕಳಿನ ಮುಂದೆ ಕತ್ತಿ ಹಿರಿದು ನಿಂತಿದ್ದೆ. ಬಡ ಆಟಗಾರರೆಲ್ಲರ ಮೊದಲ ಸಂಪಾದನೆ ಅದೇ, ಚರ್ಮ ಮಾರುವುದು. ಲಿಂಗ ಕಟ್ಟಿದ ಮುದುಕಿ, ಮನೆಯಲ್ಲಿ ದೇವಣಿ ಆಕಳಿಗೆ ಹಬ್ಬಕ್ಕೊಮ್ಮೆ ಅರಿಶಿಣ ಹಚ್ಚುವವಳು, ನನ್ನ ಭುಜದ ಹಿಂದೆ. ನನ್ನ ಬೆರಳು ತಾನಾಗಿ ಕತ್ತಿ ಒಳಗಿಟ್ಟು ಬಕೀಟು ತೆಗೆಯಿತು.

"ಏನ್ ಮಾಡ್ಲತ್ತಿ?"

"ಹಾಲು ಹಿಂಡ್ಲತ್ತೀನಿ ಆಯಿ."

ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕುಳಿತಳು. ಗೊಂಬೆ ಬಗ್ಗಿತು, ಬಕೀಟು ತುಂಬಿತು.

"ಕರು ಬಿಡ್ದೇ ಹ್ಯಾಂಗ ಹಾಲು ಕೊಡ್ತೋ ಅದು?"

ಉತ್ತರವಿರಲಿಲ್ಲ. ಮುಂದೇನು ಅಂದಳು. ಒಬ್ಬ ದೊರೆಯ ಹುಟ್ಟುಹಬ್ಬ, ಅಡಿಗೆಯವನು ಸಿಹಿ ಮಾಡಬೇಕು, ಅವನಿಗೆ ಹಾಲು, ಹಿಟ್ಟು, ಮೊಟ್ಟೆ ತಂದುಕೊಡಬೇಕು ಎಂದು ಹೇಳಿದೆ, ಮೊಟ್ಟೆಯನ್ನು ನುಂಗಿಕೊಂಡೆ. ಹೊಲಕ್ಕೆ ಹೋಗಿ ಗೋಧಿ ಕಿತ್ತು ತೋರಿಸಿದೆ. ಗಿರಣಿಯ ಅಟ್ಟ ಹತ್ತಿ ಗೋಧಿ ಸುರಿದು, ಹಿಡಿಕೆ ಎಳೆದು, ಕೆಳಗಿಳಿದು ಗಡಿಗೆಯಲ್ಲಿ ಹಿಟ್ಟು ತುಂಬಿಕೊಂಡೆ. ಗಿರಣಿ ಅವಳಿಗೆ ಹಿಡಿಸಿತು, ಇನ್ನೊಮ್ಮೆ ಹಾಕು ಅಂದಳು. ಆಮೇಲೆ ಹೊಳೆಯಲ್ಲಿ ಮೀನು, ಅಡವಿಯಲ್ಲಿ ಕಟ್ಟಿಗೆ. ನೋಡುತ್ತ ನೋಡುತ್ತ ಅವಳ ಮುಖ ಬದಲಾಯಿತು.

"ಅಲ್ಲೋ ಭಾಡ್ಯಾ, ಮುತ್ಯಾಗ ಬೆನ್ನು ನೋಯ್ತದ ಅಂತ ಹೇಳಿ ಬಂದು ಇಲ್ಲಿ ಅದೇ ಕೆಲಸಾ ಮಾಡ್ಲತ್ತೀ ಏನು? ಅದೂ ರೊಕ್ಕಾ ಕೊಟ್ಟು?"

ಅಂಗಡಿಯವನು ನಗುವುದಕ್ಕೆ ಝರಾಕ್ಸ್ ಯಂತ್ರದ ಹಿಂದೆ ಹೋದ. ನನಗೆ ಅಷ್ಟು ದಿನ ಹೊಳೆದೇ ಇರಲಿಲ್ಲ. ಒಂದು ತಾಸು ಕೂಳೆ ಆರಿಸಲು ಬೇಸತ್ತವನು ಐದು ತಾಸು ಗೊಂಬೆಯ ಕೈಲಿ ಸೌದೆ ಕಡಿಸುತ್ತಿದ್ದೆ, ಬೇಸರವಿಲ್ಲ. ಅಲ್ಲಿ ಹತ್ತು ಗಿಡ ಕಡಿದರೆ ಮೂಲೆಯಲ್ಲಿ ಒಂದು ಅಂಕಿ ಏರುತ್ತದೆ, ಪಟಾಕಿ ಹಾರುತ್ತದೆ. ಮುತ್ಯಾ ಅರವತ್ತು ವರ್ಷ ಬಿತ್ತಿದರೂ ಅವನ ತಲೆಯ ಮೇಲೆ ಒಂದು ಪಟಾಕಿ ಹಾರಿದ್ದು ನಾನು ಕಂಡಿಲ್ಲ. ಅವತ್ತು ಸಂಜೆ ಕೂಳೆಗೆ ಮತ್ತೆ ಹೋದೆ. ಪಶ್ಚಾತ್ತಾಪದಿಂದಲ್ಲ, ಆಯಿ ಕೈ ಹಿಡಿದು ಎಳೆದೊಯ್ದಳು.

ಬೀದರಕ್ಕೆ ಮರಳಿ, ಪಿಯುಸಿ ಸೇರಿ, ಜುಲೈ ಹೊತ್ತಿಗೆ ನಾನು ಕುಳವಾಗಿದ್ದೆ. ಆಕಳ ಚರ್ಮದ (ಆಯಿಗೆ ಗೊತ್ತಿಲ್ಲದ) ದುಡ್ಡಿನಲ್ಲಿ ಅಡಮಂಟ್ ಎಂಬ ಹಸಿರು ಲೋಹದ ಪೂರ್ತಿ ಕವಚ ಕೊಂಡೆ. ಎರಡು ತಿಂಗಳ ದುಡಿಮೆ. ಪೇಟೆಯಲ್ಲಿ ಕೆಲವರ ಕವಚಕ್ಕೆ ಬಂಗಾರದ ಅಂಚಿರುತ್ತಿತ್ತು, ಅದನ್ನು ಕಂಡರೆ ಹೊಟ್ಟೆ ಉರಿ. ಒಂದು ದಿನ ಅಪರಿಚಿತನೊಬ್ಬ ಬಂದು, ನಿನ್ನ ಕವಚಕ್ಕೆ ಬಂಗಾರದ ಅಂಚು ಕೂಡಿಸಿಕೊಡುತ್ತೇನೆ, ಫ್ರೀ, ಎಂದು ಬರೆದ. ಗೆಳೆಯ ಬೇಡ ಅಂದ. ಕೊಟ್ಟೆ. ಎರಡು ಸಲ ಒಪ್ಪಿಗೆ ಕೇಳಿತು ಆಟ, ಎರಡು ಸಲವೂ ಒಪ್ಪಿದೆ. ಗೊಂಬೆ ಚಡ್ಡಿಯಲ್ಲಿ ನಿಂತಿತು. ಆಸಾಮಿ ಮಾಯ.

ಗೆಳೆಯ ಮನೆಗೆ ಹೋದವನೇ ಅಪ್ಪನ ಮುಂದೆ ಹೇಳಿಬಿಟ್ಟಿದ್ದ. ಮರುದಿನ ಹೋದಾಗ ಚಾಚಾ ಹೂಜಿಯೊಂದನ್ನು ಕಾಲಿನ ನಡುವೆ ಒತ್ತಿ ಹಿಡಿದು ಕೆಲಸಕ್ಕೆ ಕುಳಿತಿದ್ದರು. ಸತುವಿಗೆ ಚೂರು ತಾಮ್ರ ಕೂಡಿಸಿ ಎರಕ ಹೊಯ್ದ ಹೂಜಿ. ಗೆರೆ ಕಾಣಲೆಂದು ಮೈಲುತುತ್ತ ಬಳಿದು ತಾತ್ಕಾಲಿಕವಾಗಿ ಕಪ್ಪು ಮಾಡಿದ್ದರು. ಕೂದಲೆಳೆಯಂಥ ಕಾಲುವೆ ಕೊರೆದಿತ್ತು. ಅದರಲ್ಲಿ ಬೆಳ್ಳಿ ತಂತಿ ಕೂಡಿಸಿ ಸಣ್ಣ ಸುತ್ತಿಗೆಯಿಂದ ಟಕ್ ಟಕ್ ಎಂದು ಬಡಿಯುತ್ತಿದ್ದರು, ಒಂದು ಹೂವಿನ ಎಸಳಿಗೆ ಇಪ್ಪತ್ತು ಪೆಟ್ಟು. ಎಲ್ಲ ಮುಗಿದ ಮೇಲೆ ಕೋಟೆಯ ಮಣ್ಣು, ನವಸಾಗರ ಹಾಕಿದ ಕುದಿನೀರಿನಲ್ಲಿ ಅದ್ದಿದರೆ ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ನಾನು ನೋಡುತ್ತ ನಿಂತೆ. ಅವರು ತಲೆ ಎತ್ತಲಿಲ್ಲ.

"ಮುಫತ್ ಮೇ ಕೌನ್ ತಾರ್ ಬಿಠಾತಾ ಮಿಯಾ?" ಅಂದರು.

ಬೀದರದಲ್ಲಿ ಹುಟ್ಟಿ ಅಂಚು ಕೂಡಿಸುವ ಕೂಲಿ ಗೊತ್ತಿಲ್ಲದವನು ಎಂಬ ಹೆಸರು ಆ ಓಣಿಯಲ್ಲಿ ನನಗೆ ಬಹಳ ದಿನ ಉಳಿಯಿತು. ಆಟದಲ್ಲಿ ಆ ಅಂಚನ್ನು ಯಾರೂ ಕೂಡಿಸಲಾರರು, ನಿಧಿ ಹುಡುಕಿದವರಿಗೆ ಸಿದ್ಧವಾಗಿಯೇ ಸಿಗುತ್ತದೆ ಎಂದು ಆಮೇಲೆ ತಿಳಿಯಿತು. ಅದೇ ಡಿಸೆಂಬರಿನಲ್ಲಿ ಕಂಪನಿಯವರು ಹೀಗೆ ಒಂದು ಕೈಯಿಂದ ಕೊಡುವ ವ್ಯವಹಾರಕ್ಕೇ ಕಡಿವಾಣ ಹಾಕಿದರು. ಆಟದ ನಾಣ್ಯವನ್ನು ಹೊರಗೆ ನಿಜದ ದುಡ್ಡಿಗೆ ಮಾರುವವರ ಕಾಟ ಅದಕ್ಕೆ ಕಾರಣ. ಆಟಗಾರರು ವರ್ಷಗಟ್ಟಲೆ ಗಲಾಟೆ ಮಾಡಿ 2011ರಲ್ಲಿ ಮತ ಹಾಕಿ ಅದನ್ನು ವಾಪಸ್ ತಂದರು. ನಾನು ಅಷ್ಟೊತ್ತಿಗೆ ಕೆಲಸ ಹುಡುಕುತ್ತಿದ್ದೆ.

"ಆ ಆಟ ಈಗೂ ಅದಾ ಕಾಕಾ?"

ಇದೆ. ಜನ ಹಳೆಯದೇ ಬೇಕೆಂದು ಹಟ ಹಿಡಿದಾಗ ಕಂಪನಿಯವರ ಬಳಿ ಉಳಿದಿದ್ದ ಹಳೇ ನಕಲೊಂದು ಸಿಕ್ಕಿತು, 2007ರ ಆಗಸ್ಟ್ ತಿಂಗಳದು. ಅದನ್ನೇ 2013ರಲ್ಲಿ ಓಲ್ಡ್ ಸ್ಕೂಲ್ ಎಂಬ ಹೆಸರಿನಲ್ಲಿ ಬಿಟ್ಟರು, 2018ರಲ್ಲಿ ಮೊಬೈಲಿಗೂ ಬಂತು. ನಾನು ಕವಚ ಕಳೆದುಕೊಂಡ ತಿಂಗಳ ಮರುತಿಂಗಳಿನ ಲೋಕ. ಎಲ್ಲರೂ ಸೊನ್ನೆಯಿಂದ ಶುರು ಮಾಡಬೇಕು ಅಷ್ಟೆ, ಕವಚವೇನೂ ವಾಪಸ್ ಬರುವುದಿಲ್ಲ.

ನಾನು ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಹುಡುಗ ಅದನ್ನು ಇಳಿಸಿಕೊಂಡು ಆಗಿತ್ತು. ಹೊಲದ ನಡುವೆ, ಆರು ರಾತ್ರಿಯಲ್ಲ, ಆರು ತೆನೆ ತಿನ್ನುವಷ್ಟು ಹೊತ್ತು. ಆರಂಭದ ದ್ವೀಪದ ಪಾಠ ಮುಗಿಸಿ ಲಂಬ್ರಿಜ್ಜಿಗೆ ಬಂದು ಬೇಲಿ ದಾಟಿದ. ಅದೇ ಆಕಳು, ಅದೇ ಮಣ್ಣುಬಣ್ಣ. ಆಯಿ ಕೌದಿ ಸರಿಸಿ ಕತ್ತು ಚಾಚಿದಳು.

"ಕರು ತಂದಾರೇನು ಈಗರೆ?"

ಅಷ್ಟರಲ್ಲಿ ಬಾವಿಯ ಕಡೆಯಿಂದ ಅಣ್ಣ ಕೂಗಿದ, ತ್ರೀಫೇಸ್ ಬಂತು, ಕಡಲೆಗೆ ನೀರು ತಿರುವಬೇಕು, ಸಲಿಕೆ ತಗೊಂಡು ಬಾರೋ ಎಂದು. ಹುಡುಗ ಎದ್ದು ಮೊಬೈಲ್ ನನ್ನ ಕೈಲಿಟ್ಟ.

"ಕಾಕಾ, ಜರಾ ಹಿಂಡಿ ಇಡು. ನೀರು ತಿರುವಿ ಬರ್ತೀನಿ."

ಬಕೀಟು ಎಲ್ಲಿಟ್ಟಿದ್ದಾನೋ ಎಂದು ನಾನು ಅವನ ಚೀಲ ಹುಡುಕತೊಡಗಿದೆ.