ಬಾಗಿಲ ಮೇಲಿನ ಹೆಸರು

ಕೆಲವು ವರ್ಷಗಳ ಹಿಂದೆ ಲಾಟ್ವಿಯ ದೇಶದ ಚರಿತ್ರೆಯನ್ನು ಓದುತ್ತಿದ್ದಾಗ ಒಂದು ಅಲ್ಪ ಸಂಗತಿಯು ನನ್ನನ್ನು ತಡೆದು ನಿಲ್ಲಿಸಿತು. ಬಾಲ್ಟಿಕ್ ತೀರದ ಆ ನಾಡು ಹತ್ತೊಂಬತ್ತನೆಯ ಶತಮಾನದಲ್ಲಿ ರಷ್ಯದ ಚಕ್ರವರ್ತಿಗೆ ಸೇರಿದ್ದಿತು. ಆದರೆ ಭೂಮಿ, ಇಗರ್ಜಿ, ನ್ಯಾಯಸ್ಥಾನ, ವಿದ್ಯೆ ಎಲ್ಲವೂ ಜರ್ಮನ್ ನುಡಿಯುವವರ ಕೈಯಲ್ಲಿದ್ದುವು. ಲಾಟ್ವಿಯದವನೆಂದರೆ ಉಳುವವನು. 1817ರಲ್ಲಿ ಕೂರ್ಲೆಂಡಿನಲ್ಲಿಯೂ 1819ರಲ್ಲಿ ಲಿವೋನಿಯದಲ್ಲಿಯೂ ಅವನನ್ನು ಜೀತದಿಂದ ಬಿಡಿಸಿದರು. ನೆಲ ಮಾತ್ರ ದೊರೆಗಳಲ್ಲಿಯೇ ಉಳಿಯಿತು. ಅವನ ಮಗನು ಓದಿ ಮೇಲಕ್ಕೆ ಬಂದರೆ ಜರ್ಮನನೇ ಆಗಿಬಿಡುತ್ತಿದ್ದನು. ಅದು ಬಟ್ಟೆ ಬದಲಾಯಿಸಿದಷ್ಟು ಸಹಜವಾಗಿ ತೋರುತ್ತಿದ್ದಿತು.

1854ರಲ್ಲಿ ತಾರ್ತುವಿನ ವಿಶ್ವವಿದ್ಯಾಲಯವನ್ನು ಸೇರಿದ ಕ್ರಿಶ್ಯಾನಿಸ್ ವಾಲ್ಡೆಮಾರ್ಸನು ತನ್ನ ಕೋಣೆಯ ಬಾಗಿಲಿಗೆ ಹೆಸರಿನ ಚೀಟಿಯೊಂದನ್ನು ಅಂಟಿಸಿದನು. ಹೆಸರಿನ ಮುಂದೆ ‘ಲಾಟ್ವಿಯದವನು’ ಎಂದು ಬರೆದಿದ್ದನು. ಅಷ್ಟೆ. ಜರ್ಮನಿನಲ್ಲಿ ಪಾಠ ಕೇಳುವ ವಿದ್ಯಾವಂತನೂ ಲಾಟ್ವಿಯದವನೂ ಒಬ್ಬನೇ ಆಗಬಹುದೆಂಬುದು ಹಲವರಿಗೆ ಹೊಸ ಮಾತು.

ನ್ಯಾಯವಾಗಿ ಇನ್ನೊಂದನ್ನೂ ಹೇಳಬೇಕು. ಆ ನುಡಿಗೆ 1689ರಲ್ಲಿ ಬೈಬಲನ್ನು ಕೊಟ್ಟ ಗ್ಲೂಕನು ಜರ್ಮನ್ ಪಾದ್ರಿ. ವ್ಯಾಕರಣ ಬರೆದ ಸ್ಟೆಂಡರನೂ ಪಾದ್ರಿಯೇ. ಜೀತವನ್ನು ಖಂಡಿಸಿ 1796ರಲ್ಲಿ ಮೆರ್ಕೆಲನು ಬರೆದುದು ಜರ್ಮನಿನಲ್ಲಿ. ಆದರೂ ಆ ವಾತ್ಸಲ್ಯಕ್ಕೆ ಒಂದು ಎಲ್ಲೆಯಿದ್ದಿತು: ರೈತನ ನುಡಿ ರೈತನಿಗೇ ಇರಲಿ! 1856ರಲ್ಲಿ ಅಲುನಾನ್ಸನು ಗಯಟೆ, ಹೈನೆಯರ ಕವಿತೆಗಳನ್ನು ಅದೇ ನುಡಿಗೆ ತಂದು ಆ ಎಲ್ಲೆಯನ್ನು ದಾಟಿದನು. ಈ ತರುಣರಿಗೆ ಹಾಸ್ಯಕ್ಕಾಗಿ ಇಟ್ಟ ‘ಯುವ ಲಾಟ್ವಿಯದವರು’ ಎಂಬ ಹೆಸರು ಅವರ ಬಿರುದಾಯಿತು.

ನನಗೆ ಅತ್ಯಂತ ಪ್ರಿಯನಾದವನು ಬಾರೋನ್ಸ್. 1880ರಲ್ಲಿ ಮಾಸ್ಕೋದಲ್ಲಿ ಸಣ್ಣ ಸಣ್ಣ ಅರೆಗಳುಳ್ಳ ಒಂದು ಬೀರುವನ್ನು ಮಾಡಿಸಿ, ಹಳ್ಳಿಗರ ಪದಗಳನ್ನು ಚೀಟಿಗಳ ಮೇಲೆ ಬರೆದು ವಿಂಗಡಿಸುತ್ತ ಕುಳಿತನು. 1894ರಿಂದ 1915ರವರೆಗೆ ಅಚ್ಚಾದ ಪದಗಳು ಸುಮಾರು 2,18,000! ಬಹುಪಾಲು ನಾಲ್ಕೇ ಸಾಲಿನವು. ಬಿತ್ತುವಾಗ, ಮದುವೆಯಲ್ಲಿ, ಸಾವಿನಲ್ಲಿ ಹಾಡಿದವು. ಅವರ ನುಡಿಯಲ್ಲಿ ದೇವನು ‘ದಿಯೆವ್ಸ್’, ಅಗ್ನಿ ‘ಉಗುನ್ಸ್’ ಎಂದು ತಿಳಿದಾಗ ದೂರದ ನೆಂಟರನ್ನು ಕಂಡಂತಾಯಿತು. 1918ರಲ್ಲಿ ಆ ಜನ ಸ್ವತಂತ್ರರಾದರು.

ನಾನು ಪಟ್ಟಣದಲ್ಲಿ ಮನೆ ಮಾಡಿದಾಗ ಬಾಗಿಲಿಗೆ ಹಿತ್ತಾಳೆಯ ಹಲಗೆ ಹಾಕಿಸಿದ್ದೆನು. ಹೆಸರು, ಪದವಿ, ಎಲ್ಲವೂ ಇಂಗ್ಲಿಷಿನಲ್ಲಿ. ಊರಿನಿಂದ ಬಂದ ನನ್ನ ತಾಯಿ ಕನ್ನಡ ಭಾರತವನ್ನು ರಾಗವಾಗಿ ಓದಬಲ್ಲವಳು. ಕೈಚೀಲ ಹಿಡಿದು ಆ ಹಲಗೆಯ ಎದುರಿಗೆ ಬಹಳ ಹೊತ್ತು ನಿಂತಿದ್ದು, ಕೊನೆಗೆ ಪಕ್ಕದ ಮನೆಯವರನ್ನು ಕೇಳಿ ಒಳಕ್ಕೆ ಬಂದಳು.