ಬಕೆಟ್ಟಿನ ಕಿವಿ, ಬಂಪರಿನ ಮೈ

ಪುಣೆಯ ತುಳಶೀಬಾಗ್ ಮಾರುಕಟ್ಟೆಯಲ್ಲಿ ಬಕೆಟ್ ಕೊಳ್ಳುವ ಹೆಂಗಸರನ್ನು ನೋಡುವುದೇ ಒಂದು ಪಾಠ. ಬಣ್ಣಕ್ಕೆ ಮರುಳಾಗುವವರಲ್ಲ. ಅಂಚನ್ನು ಹೆಬ್ಬೆರಳಿನಿಂದ ಒತ್ತಿ, ಹಿಡಿ ಸಿಕ್ಕಿಸುವ ಕಿವಿಯನ್ನು ಬಗ್ಗಿಸಿ, ತಳಕ್ಕೊಂದು ಏಟು ಹಾಕಿ ಆಮೇಲೆ ಚೌಕಾಶಿಗೆ ಇಳಿಯುತ್ತಾರೆ. ಅವರ ಕೈಗೆ ಬೇಕಾದದ್ದು ಬಿಗಿತ: ಒತ್ತಿದರೆ ಎಷ್ಟು ಬಗ್ಗದೆ ನಿಲ್ಲುತ್ತದೆ ಎಂಬುದು. ಇದೇ ಊರಿನ ಪಾಷಾಣ ಬಡಾವಣೆಯಲ್ಲಿ, 1950ರಲ್ಲಿ ನೆಹರೂ ಉದ್ಘಾಟಿಸಿದ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಪಾಲಿಮರ್ ವಿಜ್ಞಾನಿಗಳಿಗೆ ಬೇಕಾದದ್ದೂ ಅದೇ.

ಏನು ಬೆರೆಸಿದ್ದಾರೆ ಎನ್ನುವುದರ ಮೇಲೆ ಬಿಗಿತ ನಿಂತಿದೆ ಎಂದು ನಾವು ತಿಳಿದಿರುತ್ತೇವೆ. ಅದು ಅರ್ಧ ಮಾತು. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಬಿಗಿತ ಅಂದಾಜು 1500 ಮೆಗಾಪ್ಯಾಸ್ಕಲ್, ಮೆತ್ತನೆಯ ರಬ್ಬರಿನದು 5 ಎಂದಿಟ್ಟುಕೊಳ್ಳಿ. ಎರಡನ್ನೂ ಸಮಸಮವಾಗಿ ಪದರ ಪದರವಾಗಿ ಜೋಡಿಸಿ. ಪದರಗಳ ಉದ್ದಕ್ಕೆ ಎಳೆದರೆ ಬಿಗಿತ 750ರ ಆಸುಪಾಸು. ಅಡ್ಡಕ್ಕೆ ಎಳೆದರೆ ಬರೀ 10! ಸಾಮಾನು ಅದೇ, ತೂಕ ಅದೇ, ಜೋಡಣೆಯೊಂದರಿಂದ ಎಪ್ಪತ್ತೈದು ಪಟ್ಟು ವ್ಯತ್ಯಾಸ. ಈ ಲೆಕ್ಕ ನನಗೆ ಇಂದಿಗೂ ಬೆರಗು.

ಪುಣೆ ಪಕ್ಕದ ಚಾಕಣ, ಪಿಂಪ್ರಿಗಳಲ್ಲಿ ತಯಾರಾಗುವ ಕಾರುಗಳ ಬಂಪರು ನಿಂತಿರುವುದೂ ಜೋಡಣೆಯ ಮೇಲೆಯೇ. ಪ್ಲಾಸ್ಟಿಕ್ಕು ಎಲ್ಲೂ ಕಡಿಯದೆ ಹಬ್ಬಿರಬೇಕು, ರಬ್ಬರು ನಡುನಡುವೆ ಮೈಕ್ರಾನ್ ಗಾತ್ರದ ಹನಿಗಳಾಗಿ ಕೂತಿರಬೇಕು. ಆಗ ಬಿಗಿತವೂ ಉಳಿಯುತ್ತದೆ, ಗುದ್ದಿದರೆ ಚೂರಾಗುವುದೂ ಇಲ್ಲ. ರಬ್ಬರು ಹಾಕಿದ್ದರಿಂದ ಕಳೆದುಕೊಂಡ ಬಿಗಿತವನ್ನು ಟಾಲ್ಕ್ ಎಂಬ ಖನಿಜದ ಪುಡಿ ತುಂಬಿಕೊಡುತ್ತದೆ. ಅದರ ತೆಳು ಹಾಳೆಗಳು ಅಚ್ಚಿನೊಳಗೆ ಹರಿವಿನ ದಿಕ್ಕಿಗೇ ಮಲಗುವುದರಿಂದ ಆ ದಿಕ್ಕಿಗೆ ಬಿಗಿತ ಹೆಚ್ಚು. ಡಿಕ್ಕಿಯಾಗಿ ಮಡಿಚಿಕೊಂಡ ಬಂಪರನ್ನು ಹತ್ತಿರದಿಂದ ನೋಡಿ: ಮಡಿಕೆಯ ಗೆರೆ ಬೆಳ್ಳಗಾಗಿರುತ್ತದೆ. ರಬ್ಬರಿನ ಹನಿಗಳ ಒಳಗೂ ಅಂಚಿನಲ್ಲೂ ಬಾಯಿ ಬಿಟ್ಟ ಸೂಕ್ಷ್ಮ ರಂಧ್ರಗಳು ಬೆಳಕನ್ನು ಚೆದುರಿಸಿದ ಗುರುತು ಅದು.

ಪ್ಲಾಸ್ಟಿಕ್ಕು, ರಬ್ಬರಿನಂಥ ಪಾಲಿಮರುಗಳ ಅಣುಸರಪಳಿ ಬಲು ಉದ್ದ; ಹೀಗಾಗಿ ಬೇರೆ ಜಾತಿಯವು ಸಾಮಾನ್ಯವಾಗಿ ಒಂದರೊಳಗೊಂದು ಕರಗುವುದಿಲ್ಲ. ಹಾಲಿನ ಕವರಿನ ಪಾಲಿಥೀನೂ ಡಬ್ಬಿಯ ಪಾಲಿಪ್ರೊಪಿಲೀನೂ ನೋಡಲು ಅಣ್ಣತಮ್ಮಂದಿರಂತಿದ್ದರೂ ಕರಗಿಸಿ ಕಲಸಿದರೆ ಒಳಗೊಳಗೇ ಬೇರೆಯಾಗುತ್ತವೆ. ನಡುವಿನ ಅಂಟು ದುರ್ಬಲ. ಅಂಥ ಬೆರಕೆ ಮಾಲಿನ ಬಕೆಟ್ಟಿನ ಕಿವಿ, ತುಂಬಿದ ನೀರನ್ನು ಎತ್ತುವಾಗಲೇ ಕೈಕೊಡುವುದು. ಎರಡಕ್ಕೂ ಹೊಂದುವ ಮೂರನೆಯ ಪಾಲಿಮರನ್ನು ಸೇರಿಸಿ ಬೆಸೆಯಬಹುದು, ಆದರೆ ಅದಕ್ಕೆ ದುಡ್ಡು ಬೇಕು.

ದುಡ್ಡಿಲ್ಲದ ದಾರಿ ಮೊದಲೇ ವಿಂಗಡಿಸುವುದು. ಪುಣೆಯಲ್ಲಿ 1993ರಲ್ಲಿ ಸಂಘ ಕಟ್ಟಿಕೊಂಡ ಕಸ ಆಯುವ ಹೆಂಗಸರು ಮಾಡುವುದು ಅದನ್ನೇ. ನಿಮ್ಮ ಮನೆಯ ಪ್ಲಾಸ್ಟಿಕ್ಕನ್ನು ಹಸಿ ಕಸದಲ್ಲಿ ಮುಳುಗಿಸದೆ, ತೊಳೆದು ಬೇರೆಯಾಗಿ ಅವರ ಕೈಗೆ ಕೊಡಿ.